ತೊಳೆದಿಟ್ಟ ಸದ್ದುಗಳು

ನನ್ನ ಅಕ್ಕನಿಗೆ ಕಿಟಕಿಯ ಪಕ್ಕ ಬಾಯಿ ಮುಚ್ಚಿಕೊಂಡು ಕೂರುವುದು ಬರುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದು ತಕ್ಷಣ ಬಾಯಿಗೆ ಬರಬೇಕು. ಕೆಳಗೆ ಗ್ಯಾಸಿನ ಆಟೊ ಬಂದು ನಿಂತರೆ ಸಿಲಿಂಡರ್ ಯಾರ ಮನೆಗೆ, ಹೋದ ಸಲ ಅವರಿಗೆ ಯಾವಾಗ ಬಂದಿತ್ತು, ಇಷ್ಟು ಬೇಗ ಖಾಲಿಯಾಗಬೇಕಾದರೆ ಬೀಗರು ಬಂದು ಕೂತಿರಬೇಕು ಎನ್ನುವವರೆಗೂ ವರದಿ ಸಾಗುತ್ತಿತ್ತು. ಕೇಳುವವರು ಇರಲಿ, ಬಿಡಲಿ. ನಾನು ಸ್ನಾನಕ್ಕೆ ಹೋದರೂ ನಿಲ್ಲುತ್ತಿರಲಿಲ್ಲ, ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು. ನಾನು ರೇಗಿದರೆ, "ಬಾಯಿ ಇದ್ದಾಕಿ ಬರಗಾಲದಾಗೂ ಬದುಕಿದ್ಲಂತ" ಅಂದು ನಗುತ್ತಿದ್ದಳು.

ನಾವಿಬ್ಬರೂ ಇರುವುದು ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ, ರೈಲು ಹಳಿಗೆ ಹತ್ತಿರದ ಒಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ಎರಡು ಕೋಣೆಯ ಮನೆ. ಊರು ಸೇಡಂ ಕಡೆ. ಭಾವ ರೈಲ್ವೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಕ್ವಾರ್ಟರ್ಸ್ ಬಿಟ್ಟು ಈ ಮನೆ ಹಿಡಿದಳು, ಮದುವೆಯಾಗದೆ ಹಾಸ್ಟೆಲುಗಳಲ್ಲಿ ಕಾಲ ಕಳೆಯುತ್ತಿದ್ದ ನಾನೂ ನನ್ನ ಪೆಟ್ಟಿಗೆ ತಂದು ಸೇರಿಕೊಂಡೆ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮಕ್ಕಳಿಲ್ಲ. ಮಂಡಿ ಹೋಗಿತ್ತು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮಂಡಿ ಹೋದವರಿಗೆ ಊರು ಅಂದರೆ ಒಂದು ಕಿಟಕಿ, ಅಷ್ಟೇ. ಬೆಳಿಗ್ಗೆ ಅಲ್ಲಿ ಕೂತು ಅಂಗೈಗೆ ಮಿಶ್ರಿ ಸುರಿದುಕೊಂಡು, ಅಂದರೆ ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ತಿಕ್ಕುತ್ತಾ ಓಣಿಯನ್ನು ನೋಡಲು ಶುರುಮಾಡಿದರೆ ಮಧ್ಯಾಹ್ನದ ಊಟದವರೆಗೆ ಏಳುತ್ತಿರಲಿಲ್ಲ.

ನನ್ನ ಕಸುಬು ಹಿಮಾಯತ್‌ನಗರದ ಒಂದು ಸಣ್ಣ ಡಬ್ಬಿಂಗ್ ಸ್ಟುಡಿಯೊದಲ್ಲಿ. ತೆಲುಗು ಧಾರಾವಾಹಿಗಳು ಕನ್ನಡಕ್ಕೆ ಬರುವ ಜಾಗ. ಅಲ್ಲಿ ನಾನು ದನಿ ಕೊಡುವವಳಲ್ಲ, ದನಿ ತೊಳೆಯುವವಳು. ಕಲಾವಿದರು ಮಾತಾಡಿ ಹೋದ ಮೇಲೆ ಆ ಮಾತಿನೊಳಗಿನ ಕೆಮ್ಮು, ಉಸಿರು, ಬಳೆಯ ಸದ್ದು, ತುಟಿ ಬಿಚ್ಚುವಾಗಿನ ಚಪ್ ಅನ್ನುವ ಸದ್ದು, ಪಕ್ಕದಲ್ಲಿ ಯಾರೋ ಪಿಸುಗುಟ್ಟಿದ್ದು, ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಇಪ್ಪತ್ತು ವರ್ಷ ಇದನ್ನೇ ಮಾಡಿ ನನ್ನ ಕಿವಿ ಕೆಟ್ಟಿದೆ. ಯಾರಾದರೂ ಎದುರಿಗೆ ಕೂತು ಕಷ್ಟ ಹೇಳಿಕೊಂಡರೂ ಮೊದಲು ನನಗೆ ಕೇಳುವುದು ಅದರಲ್ಲಿ ಏನನ್ನು ತೆಗೆಯಬಹುದು ಎಂಬುದು.

ದಿನವಿಡೀ ಅತ್ತೆ ಸೊಸೆಯರ ಜಗಳ ತೊಳೆದು ಬಂದವಳಿಗೆ ಮಾತು ಅಂದರೆ ವಾಕರಿಕೆ. ಅಂಥ ಒಂದು ಭಾನುವಾರ ಕರೆಂಟು ಹೋಗಿ ಓಣಿಯ ಫ್ಯಾನು, ಟಿವಿ, ಮಿಕ್ಸರ್ ಎಲ್ಲ ಒಟ್ಟಿಗೆ ನಿಂತವು. ಅಕ್ಕ ನಿದ್ದೆ ಹೋಗಿದ್ದಳು, ಅದೂ ಒಂದು ಭಾಗ್ಯ. ನಾನು ಅವಳ ಕುರ್ಚಿಯಲ್ಲಿ ಕೂತು ಹೊರಗೆ ನೋಡಿದೆ. ಕಾಣುತ್ತಿದ್ದದ್ದು ಎದುರು ಮನೆಯ ತಂತಿಯ ಮೇಲಿನ ಒದ್ದೆ ಸೀರೆ ಒಂದೇ. ಕೇಳುತ್ತಿದ್ದದ್ದು ಬೇರೆಯೇ: ಗೂಡ್ಸ್ ಬಂಡಿಯ ಡಬ್ಬಿಗಳು ಒಂದಕ್ಕೊಂದು ತಾಗಿಕೊಳ್ಳುವುದು, ಎಲ್ಲೋ ನೀರಿನ ಟ್ಯಾಂಕರ್ ಪೈಪು ಎಳೆಯುವುದು, ಯಾರೋ ಹಿಟ್ಟು ಬಡಿಯುವುದು. ಕಿಟಕಿಯಲ್ಲಿ ಕಾಣುವುದು ಚೌಕಟ್ಟಿನಷ್ಟು. ಕೇಳುವುದಕ್ಕೆ ಚೌಕಟ್ಟಿಲ್ಲ. ಸ್ಟುಡಿಯೊದಿಂದ ತಂದಿದ್ದ ರೆಕಾರ್ಡರನ್ನು ಮಡಚಿದ ಟವೆಲಿನ ಮೇಲೆ ಇಟ್ಟು ಅಷ್ಟನ್ನೂ ಹಿಡಿದುಕೊಂಡೆ. ಬದುಕಿನಲ್ಲಿ ಮೊದಲ ಸಲ ಏನೋ ನನ್ನದು ಅಂತ ಸಿಕ್ಕಿತು.

ಆಮೇಲೆ ಅದೇ ಹುಚ್ಚು ಹಿಡಿಯಿತು. ರಜೆ ಬಂದರೆ ಕಿಟಕಿಯಲ್ಲಿ ಮೈಕು. ಆದರೆ ಆ ಕಿಟಕಿ ಮೊದಲೇ ಇನ್ನೊಬ್ಬರ ವಶದಲ್ಲಿತ್ತಲ್ಲ.

"ನೋಡು, ಉಳ್ಳಾಗಡ್ಡಿ ಗಾಡಿಯಾಂವ ಬಂದ. ತೂಕದಾಗ ಕೈ ಆಡಸಾಕತ್ತಾನ."

"ಸುಮ್ನಿರಕ್ಕಾ, ರೆಕಾರ್ಡ್ ಆಗಾಕತ್ತೈತಿ."

"ನಾ ಏನ್ ಮಾಡೀನೇ? ಕಂಡದ್ದು ಹೇಳೀನಿ."

"ಕಂಡದ್ದು ಹೇಳಬ್ಯಾಡ. ನೋಡು, ಅಷ್ಟ ಸಾಕು."

"ಹೇಳದಿದ್ರ ನೋಡಿದಂಗ ಆಗತೈತೇನ?" ಅಂದು ಅವಳು ಎರಡು ನಿಮಿಷ ತುಟಿ ಬಿಗಿದು ಕೂರುತ್ತಿದ್ದಳು. ಮೂರನೆಯ ನಿಮಿಷಕ್ಕೆ, "ಅಯ್ಯ, ಆ ಹುಡುಗಿ ಬಿತ್ತು ನೋಡಽ!"

ಮಾತು ಬಂದರೆ ಕಿವಿ ಮಾತಿಗೇ ಅಂಟಿಕೊಳ್ಳುತ್ತದೆ, ಸದ್ದು ಸಾಯುತ್ತದೆ ಎಂಬುದು ನನ್ನ ಸಿದ್ಧಾಂತ. ಅದರಲ್ಲಿ ನನಗೆ ಭಾರಿ ಜಂಬ. ಹಿಡಿದ ಸದ್ದನ್ನು ಮರುದಿನವೇ ಕೂತು ತೊಳೆಯುತ್ತಿದ್ದೆ: ಅಕ್ಕ ಮಾತಾಡಿದ ಕಡೆಯೆಲ್ಲ ಕತ್ತರಿಸಿ, ಆ ಜಾಗಕ್ಕೆ ಅದೇ ದಿನದ ಬೇರೆ ತುಣುಕು ತಂದು ಹೊಲಿಗೆ ಕಾಣದಂತೆ ಜೋಡಿಸುವುದು. ಎದುರಿಗೆ ಒಂದು ಅಪಾರ್ಟ್‌ಮೆಂಟ್ ಏಳಲು ಶುರುವಾದಾಗ ಈ ಕೆಲಸ ಹತ್ತು ಪಟ್ಟಾಯಿತು. ಅಲ್ಲಿ ಕಾಂಕ್ರೀಟು ಕಲಸುವವರೆಲ್ಲ ಯಾದಗಿರಿ ಕಡೆಯವರು. ಅವರ ಬಾಯಲ್ಲಿ ಕನ್ನಡ ಕೇಳಿದ ಅಕ್ಕನನ್ನು ಹಿಡಿಯುವವರು ಯಾರು!

"ಯಾವೂರವ್ವಾ ನಿಂದು?" ಎಂದು ಈ ಕಿಟಕಿಯಿಂದ ಕೂಗಿದಳು.

ಬುಟ್ಟಿ ಹೊತ್ತ ಹೆಂಗಸು ತಲೆಯೆತ್ತಿ, "ಸುರಪುರ ಕಡೀರಿ ಯಮ್ಮಾ" ಅಂದಳು.

ಅಲ್ಲಿಂದ ಆರೇಳು ತಿಂಗಳು ಅವರಿಬ್ಬರದೇ ರಾಜ್ಯ. ಏನು ಪಲ್ಯ ಮಾಡಿದಿ, ಪುಂಡಿಪಲ್ಯರಿ, ಬೆಳ್ಳುಳ್ಳಿ ಹಾಕಿದಿಲ್ಲೋ, ಕೂಸಿನ ಜ್ವರ ಇಳೀತಾ. ಆ ಹೆಂಗಸು ಒಂದು ದಿನ ಕಾಣದಿದ್ದರೆ ಅಕ್ಕನಿಗೆ ಊಟ ಇಳಿಯದು. ನನಗೆ ಬೇಕಾಗಿದ್ದದ್ದು ಸರಳು ಬಗ್ಗಿಸುವ ಸದ್ದು, ಜಲ್ಲಿ ಸುರಿಯುವ ಸದ್ದು. ಒಂದು ಸಲ ಜಲ್ಲಿ ಸುರಿಯುವಾಗ ಸರಿಯಾಗಿ ಅದರ ಮೇಲೆಯೇ ಅಕ್ಕ "ಪುಂಡಿಪಲ್ಯಕ್ಕ ಜೋಳದ ನುಚ್ಚು ಹಾಕಬೇಕವ್ವಾ" ಅಂದುಬಿಟ್ಟಿದ್ದಳು. ಆ ಒಂದು ಮಾತನ್ನು ಜಲ್ಲಿಯಿಂದ ಬಿಡಿಸಲು ಮೂರು ರಜೆ ಹಿಡಿಯಿತು. ಮುಗಿದಾಗ ಗೆದ್ದೆ ಅನ್ನಿಸಿತು. ಈಗ ಆ ಮೂರು ದಿನ ನೆನೆದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸ್ಟುಡಿಯೊದ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆ. ಅದರಲ್ಲಿ ಒಬ್ಬ ತೆಲುಗು ಹುಡುಗಿ ಚಿತ್ರಗಳ ಪ್ರದರ್ಶನ ನಡೆಸುತ್ತಿದ್ದಳು. ಯಾರಿಂದಲೋ ನನ್ನ ಹುಚ್ಚಿನ ಸುದ್ದಿ ಕೇಳಿ ಬಂದು, ಆ ಮನೆಯ ಆರು ಕಿಟಕಿಗಳನ್ನು ನನಗೆ ಬಿಟ್ಟುಕೊಟ್ಟಳು. ಆರನ್ನೂ ಹಲಗೆ ಬಡಿದು ಮುಚ್ಚಿದೆವು. ಪ್ರತಿ ಮುಚ್ಚಿದ ಕಿಟಕಿಯ ಮುಂದೆ ಒಂದು ಕುರ್ಚಿ, ಒಂದು ಹೆಡ್‌ಫೋನು. ಬಂದವರು ಹಲಗೆಯನ್ನು ನೋಡುತ್ತಾ ನನ್ನ ಮಲ್ಕಾಜ್‌ಗಿರಿಯ ಕಿಟಕಿಯನ್ನು ಕೇಳಬೇಕು. ಜನ ಬಂದರು, ಕಣ್ಣು ಮುಚ್ಚಿ ಕೂತರು, ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ನಾನು ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದೆ.

ಅಕ್ಕನೂ ಬಂದಳು. ಕೆಳಗಿನ ಮನೆಯವರು ಕುರ್ಚಿಯಲ್ಲಿ ಕೂರಿಸಿ ಮೂರು ಅಂತಸ್ತು ಇಳಿಸಿ ಆಟೊ ಹತ್ತಿಸಿದ್ದರು. ಹೆಡ್‌ಫೋನು ಹಾಕಿಕೊಂಡವರಿಗೆ ತಾವು ಎಷ್ಟು ಜೋರಾಗಿ ಮಾತಾಡುತ್ತೇವೆ ಎಂಬುದು ತಿಳಿಯುವುದಿಲ್ಲ. ಅಕ್ಕನಿಗೆ ಹೆಡ್‌ಫೋನು ಇಲ್ಲದೆಯೂ ತಿಳಿಯುತ್ತಿರಲಿಲ್ಲ. "ಅಯ್ಯಯ್ಯ, ಇದು ನಮ್ಮ ಓಣೀನಽ! ಇದು ಗ್ಯಾಸಿನಾಂವ. ಇದು ನೋಡು, ಎರಡನೇ ಮನಿಯಾಕಿ ಹಾಸಿಗಿ ಝಾಡಸಾಕತ್ತಾಳ. ಈಗ ಬರತೈತಿ ನೋಡು ಗಾಡಿ, ಬಂತು!" ಇಡೀ ಹಾಲು ತಿರುಗಿ ನೋಡಿತು. ಕನ್ನಡದ ಒಂದಕ್ಷರ ಬಾರದ ಮುದುಕರೊಬ್ಬರು ತಮ್ಮ ಹೆಡ್‌ಫೋನು ಕಳಚಿಟ್ಟು ಅಕ್ಕನ ಪಕ್ಕ ಬಂದು ನಿಂತು ಅವಳನ್ನೇ ಕೇಳತೊಡಗಿದರು. ಆ ಹುಡುಗಿ ನನ್ನ ಬಳಿ ಬಂದು, ಮೇಡಂ, ಈ ಅಮ್ಮನ ಮಾತೂ ಇದರಲ್ಲಿ ಇರಬೇಕಿತ್ತು ಅಂದಳು. ನನಗೆ ಮೈ ಉರಿಯಿತು. ಎರಡು ವರ್ಷ ಯಾವುದನ್ನು ಹೆಕ್ಕಿ ಹೆಕ್ಕಿ ಹೊರಗೆ ಹಾಕಿದ್ದೆನೋ ಅದು ಕಾಲು ಮೇಲೆ ಕಾಲು ಹಾಕಿಕೊಂಡು ಮತ್ತೆ ಒಳಗೆ ಬಂದು ಕೂತಿತ್ತು.

ಮರಳುವಾಗ ಆಟೊದಲ್ಲಿ ನಾನು ಹೊರಗೆ ಮುಖ ಮಾಡಿ ಕೂತೆ.

"ಸಿಟ್ಟಾದೇನ?" ಅಂದಳು.

"ಇಲ್ಲ."

"ಅಲ್ಲೇ, ನಾ ಅಲ್ಲೇ ಕುಂತಿದ್ದೆ, ಮಾತಾಡಾಕತ್ತಿದ್ದೆ. ನನ್ನ ಹೆಂಗ ತಗದಿ ನೀ? ಒಂದ್ ಎಳಿ ಸೈತ ಉಳಿಸಿಲ್ಲ. ಭಾಳ ಶಾಣ್ಯಾಕಿ ಬಿಡು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮೆಚ್ಚುಗೆಯೇ ಇತ್ತು. ಅದಕ್ಕೆ ನಾಚಿಕೆಯಾಗಿಯೋ ಏನೋ ನಾನು ಅಂದೆ, "ಮನ್ಯಾಗ ಐತಿ ನಿಂದೆಲ್ಲಾ. ತೊಳೀಲಾರದ್ದು ಬ್ಯಾರೆ ಇಟ್ಟೀನಿ." ಹಾಗೆ ಅಂದದ್ದನ್ನು ನಾನೇ ನಂಬಿಕೊಂಡೆ.

ಎದುರಿನ ಕಟ್ಟಡ ನಮ್ಮ ಕಿಟಕಿಗಿಂತ ಎತ್ತರ ಎದ್ದು ಹಳಿ ಮರೆಯಾಯಿತು, ನನ್ನ ಮೈಕೂ ಪೆಟ್ಟಿಗೆ ಸೇರಿತು. ಸುರಪುರದ ಹೆಂಗಸು ಮುಂದಿನ ಕೆಲಸಕ್ಕೆ ಶಂಶಾಬಾದ್ ಕಡೆ ಹೋದಳು. ಆ ಹೊತ್ತಿಗೇ ಅಕ್ಕನ ದನಿ ಒಡೆಯಿತು. ಸಿಮೆಂಟಿನ ಧೂಳು ಅಂದುಕೊಂಡೆವು. ಶುಂಠಿ ಆಯಿತು, ಬೆಲ್ಲ ಆಯಿತು, ಗಲ್ಲಿಯ ಯುನಾನಿ ಅಂಗಡಿಯ ಜೋಶಾಂದಾ ಕಷಾಯವೂ ಆಯಿತು. ಮೂರು ತಿಂಗಳಾದರೂ ದನಿ ಕೂಡಲಿಲ್ಲ, ಅನ್ನ ನುಂಗುವಾಗ ಕಣ್ಣಲ್ಲಿ ನೀರು ಬರತೊಡಗಿತು. ಆಮೇಲೆ ಆಸ್ಪತ್ರೆ. ಡಾಕ್ಟರು ತಂಬಾಕಿನ ಬಗ್ಗೆ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಂಟಲಿನ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ಒಂದು ತೂತು ಇಡಬೇಕು, ಉಸಿರು ಇನ್ನು ಅಲ್ಲಿಂದ, ದನಿ ಇನ್ನಿಲ್ಲ ಎಂದು ಅವರು ತೆಲುಗಿನಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ ಹೇಳಿದರು. ಅಕ್ಕ ಎರಡು ಸಲವೂ ತಲೆಯಾಡಿಸಿದಳು.

ಹೊರಗೆ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಆಪರೇಷನ್ನಿಗೆ ಹನ್ನೊಂದು ದಿನ ಇದೆ, ಆಕೆಯ ದನಿ ಫೋನಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಎಲ್ಲರೂ ಅದಕ್ಕೇ ಅಳುತ್ತಾರೆ ಅಂದಳು. ನನಗೆ ನಗು ಬಂತು. ನನಗೆ ಹೇಳುತ್ತಾಳಲ್ಲ ಇವಳು! ನನ್ನ ಕೆಲಸವೇ ಅದು, ನನ್ನ ಹತ್ತಿರ ವರ್ಷಗಟ್ಟಲೆ ಇದೆ ಎಂದೆ.

ಆ ಹನ್ನೊಂದು ದಿನಗಳಲ್ಲಿ ಅಕ್ಕ ತಾನಾಗಿಯೇ ಎರಡು ಸಲ ಕೇಳಿದಳು. ದನಿ ಅಂದರೆ ಅಷ್ಟು ಹೊತ್ತಿಗೆ ಬರಿಯ ಗರಗರ, ಆದರೂ ಅವಳದೇ. "ಏನರ ಹೇಳ್ಲೇನು? ತುಂಬಿಕೋ ಆ ಮಷೀನಿನಾಗ" ಅಂದಳು ಮೊದಲ ಸಲ. "ಐತಿ ಬಿಡಕ್ಕಾ, ಸಾಕು ಸಾಕು ಅನ್ನುವಷ್ಟ ಐತಿ. ಛಲೋ ದನಿ ಇದ್ದಾಗಿಂದ ಐತಿ. ಈಗ ಗಂಟಲಿಗಿ ತ್ರಾಸು ಕೊಡಬ್ಯಾಡ" ಅಂದೆ. ಎರಡನೆಯ ಸಲ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ. ನಾನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. "ಅವ್ವ ನಿನ್ನ ಹಡೆದ ದಿನದ ಸುದ್ದಿ ಹೇಳ್ಲೇನು? ನಿನಗ ಒಮ್ಮಿಯೂ ಹೇಳಿಲ್ಲ." ನಾನು ಅಂದೆ, "ಸುಮ್ನಿರಕ್ಕಾ, ಆಟೊ ಬಂದೈತಿ." ಆಟೊ ಹೋಗಿಬಿಡುತ್ತಿತ್ತೇ? ಹೋದರೆ ಇನ್ನೊಂದು ಬರುತ್ತಿರಲಿಲ್ಲವೇ?

ಆಪರೇಷನ್ ಚೆನ್ನಾಗಿ ಆಯಿತು ಅಂದರು. ಚೆನ್ನಾಗಿ ಅಂದರೆ ಜೀವ ಇದೆ. ಕತ್ತಿಗೆ ಒತ್ತಿ ಹಿಡಿದರೆ ಮಾತು ಬರುವ ಒಂದು ಸಾಧನ ಕೊಟ್ಟರು. ಅಕ್ಕ ಒಂದೇ ಸಲ ಒತ್ತಿ ನೋಡಿದಳು, ಒಳಗಿಂದ ಮಿಕ್ಸರಿನಂಥ ದನಿಯೊಂದು ನನ್ನನ್ನು ಕರೆಯಿತು. ಅದನ್ನು ಹಾಸಿಗೆಯ ಮೇಲೆ ಬಿಸಾಕಿ ಮುಖ ತಿರುಗಿಸಿದಳು. ಅಂಗಡಿಯಿಂದ ಮಕ್ಕಳ ಪಾಟಿಯೂ ಬಳಪವೂ ತಂದುಕೊಟ್ಟೆ. ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಒಂದು ಸಾಲು ಬರೆಯಲು ಒಂದು ಗಾಡಿ ಹೋಗುವಷ್ಟು ಹೊತ್ತು ಬೇಕು. ಅಷ್ಟು ಹೊತ್ತಿಗೆ ಓಣಿಯಲ್ಲಿ ಆದದ್ದು ಆಗಿ ಮುಗಿದಿರುತ್ತದೆ. ವಾರ ಕಳೆಯುವುದರೊಳಗೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನಾನು ಮತ್ತೆ ಕಿಟಕಿಯ ಕಡೆ ತಿರುಗಿಸಿದರೆ ತಲೆ ಬಗ್ಗಿಸಿ ಕೂರುತ್ತಿದ್ದಳು. ನೋಡಿ ಹೇಳಲಾಗದವಳಿಗೆ ನೋಡುವುದೇ ಶಿಕ್ಷೆ ಎಂದು ನನಗೆ ಅರ್ಥವಾಗಲು ತಡವಾಯಿತು.

ಮನೆಗೆ ಬಂದ ಹದಿನೈದನೆಯ ದಿನ ಪಾಟಿಯ ಮೇಲೆ ಬರೆದಳು: ನನ್ನ ದನಿ ಹಚ್ಚು.

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಆಸೆ ಇತ್ತು. ನಾನೂ ಹುರುಪಿನಿಂದ ಹಾರ್ಡ್‌ಡಿಸ್ಕ್ ತೆಗೆದೆ. ಒಂದೊಂದಾಗಿ ಹಚ್ಚಿದೆ. ಗ್ಯಾಸಿನ ಆಟೊ ಇತ್ತು, ಜಲ್ಲಿ ಇತ್ತು, ಗೂಡ್ಸ್ ಇತ್ತು. ಅಕ್ಕ ಇರಲಿಲ್ಲ. ತೊಳೆಯದ್ದು ಇನ್ನೊಂದು ಕಡೆ ಇರಬೇಕು ಎಂದುಕೊಂಡು ಹುಡುಕಿದೆ. ಹುಡುಕುತ್ತಾ ಹುಡುಕುತ್ತಾ ನೆನಪಾಯಿತು. ಪ್ರದರ್ಶನದ ಹಿಂದಿನ ವಾರ ಡಿಸ್ಕಿನಲ್ಲಿ ಜಾಗ ಸಾಲದೆ, ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಕೂತು, ತೊಳೆಯದ್ದನ್ನೆಲ್ಲ ನಾನೇ ಅಳಿಸಿದ್ದೆ. ಸ್ಟುಡಿಯೊದಲ್ಲಿ ಹಾಗೇ ಮಾಡುತ್ತೇವೆ. ತೊಳೆದದ್ದು ಪಾಸಾದರೆ ತೊಳೆಯದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆ ದಿನ ಅಕ್ಕ ಪಕ್ಕದಲ್ಲೇ ಕೂತು ಓಣಿಯ ವರದಿ ಕೊಡುತ್ತಿದ್ದಳು.

"ಹುಡುಕಾಕತ್ತೀನಿ ಅಕ್ಕಾ, ಸಿಗತೈತಿ" ಅಂದೆ. ನಾಲ್ಕು ದಿನ ಅದನ್ನೇ ಅಂದೆ. ಅಳಿಸಿದ್ದನ್ನು ಮರಳಿ ತರುವವರ ಬಳಿ ಡಿಸ್ಕ್ ಒಯ್ದೆ. ಅದರ ಮೇಲೆ ಎಷ್ಟೋ ಸಲ ಬೇರೆ ಬರೆದಾಗಿದೆ, ಆಗದು ಅಂದರು. ಅಕ್ಕನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ದನಿ ಉಳಿಯುವುದಿಲ್ಲ. ನೆಂಟರ ಮದುವೆಯ ವಿಡಿಯೊ ತರಿಸಿದೆ. ಅಕ್ಕ ಅದರಲ್ಲಿ ಬಾಯಿ ತುಂಬ ಮಾತಾಡುತ್ತಿದ್ದಾಳೆ, ಆದರೆ ವಿಡಿಯೊದವರು ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಅವರೂ ನನ್ನ ಕಸುಬಿನವರೇ ತಾನೆ. ಕೊನೆಗೆ ಡಿಸ್ಕಿನ ಒಂದು ಮೂಲೆಯಲ್ಲಿ ಮೈಕಿನ ಮಟ್ಟ ನೋಡಲು ಹಿಡಿದ ಒಂಬತ್ತು ಸೆಕೆಂಡಿನ ತುಣುಕು ಸಿಕ್ಕಿತು. ತೊಳೆಯದ ತುಣುಕು. ಹಚ್ಚಿದೆ. ಒಂದು, ಎರಡು, ಮೂರು ಎಂದು ಎಣಿಸುವ ದನಿ ಬಂತು. ಆಮೇಲೆ, "ಅಕ್ಕಾ, ಇನ್ನ ಮಾತಾಡಬ್ಯಾಡ." ಅದು ನನ್ನ ದನಿ. ಅವಳು ನನ್ನ ಮಾತು ಕೇಳಿ ಸುಮ್ಮನಿದ್ದದ್ದು ಆ ಒಂಬತ್ತು ಸೆಕೆಂಡು ಒಂದೇ ಇರಬೇಕು.

ಐದನೆಯ ದಿನ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬುದ್ಧಿಯೂ ಬಂದಿರಲಿಲ್ಲ, ಸುಳ್ಳು ಹೇಳುವ ಶಕ್ತಿ ಮುಗಿದಿತ್ತು ಅಷ್ಟೇ. ಅವಳ ಕಾಲ ಬಳಿ ಕೂತು, "ಇಲ್ಲಕ್ಕಾ. ಎಲ್ಲಾ ಅಳಿಸೀನಿ. ನಾನಽ ಅಳಿಸೀನಿ" ಅಂದೆ. ಅಳು ಬಂತು. ನನ್ನ ಅಳುವಿಗಾದರೂ ದನಿ ಇತ್ತು, ಅದಕ್ಕೂ ನಾಚಿಕೆಯಾಯಿತು.

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಕಿವಿ ಮುಟ್ಟಿಕೊಂಡು, ಇದ್ದದ್ದನ್ನೇ ಹಚ್ಚು ಎಂದು ಸನ್ನೆ ಮಾಡಿದಳು. ಹೆಡ್‌ಫೋನು ಹಾಕದೆ ಜೋರಾಗಿ ಹಚ್ಚಿದೆ. ಗ್ಯಾಸಿನ ಆಟೊ ಬಂತು. ಅಕ್ಕನ ತುಟಿ ಅಲುಗಿತು. ಹಾಸಿಗೆ ಝಾಡಿಸುವ ಸದ್ದು ಬಂತು, ತುಟಿ ಮತ್ತೆ ಅಲುಗಿತು. ಜಲ್ಲಿ ಸುರಿಯಿತು. ನಾನು ಮೂರು ದಿನ ಕೂತು ಬಿಡಿಸಿ ತೆಗೆದ ಆ ಜಾಗಕ್ಕೆ ಸರಿಯಾಗಿ ಅವಳ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಕತ್ತಿನ ತೂತಿನಿಂದ ಬರಿಯ ಗಾಳಿ ಹೊರಬಂತು. ಏನು ಅನ್ನುತ್ತಿದ್ದಾಳೆಂದು ಅದೊಂದು ಕಡೆ ಮಾತ್ರ ನನಗೆ ಗೊತ್ತಿತ್ತು. ಉಳಿದ ಕಡೆ ಅವಳಿಗೆ ಎಲ್ಲ ನೆನಪಿತ್ತು, ನನಗೆ ಒಂದೂ ನೆನಪಿರಲಿಲ್ಲ. ಕೇಳಿಸಿಕೊಂಡಿದ್ದರೆ ತಾನೆ ನೆನಪಿರುವುದು.

ಮುಗಿದ ಮೇಲೆ ಪಾಟಿ ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಬಹಳ ಹೊತ್ತು ಬರೆದಳು, ಎರಡು ಸಲ ಸೆರಗಿನಿಂದ ಒರೆಸಿ ಮತ್ತೆ ಬರೆದಳು. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ಬಯ್ದಿದ್ದರೆ ಹೇಗಾದರೂ ಬದುಕಿಕೊಳ್ಳುತ್ತಿದ್ದೆ. ಪಾಟಿ ನನ್ನ ಕಡೆ ತಿರುಗಿಸಿದಳು.

"ನೀ ಸುಮ್ನಿರು ಅಂದಾಗ ನಾ ಸುಮ್ನಿರಬೇಕಿತ್ತು. ನಿನಗ ಎಷ್ಟು ಕೆಲಸ ಹಚ್ಚಿದೆ."

ನಾನು ಪೂರ್ತಿ ಓದಿ ಮುಗಿಸುವವರೆಗೆ ಅದನ್ನು ಹಾಗೆಯೇ ಎತ್ತಿ ಹಿಡಿದುಕೊಂಡಿದ್ದಳು.